ಮೆದುಳಿನ ಎಂಆರ್‌ಐ ರಿಪೋರ್ಟಿನ ಎರಡು ಸಾಲು: ಕೊಡಗಿನ ಹಿರಿಯರ ಮನೆಗಳಿಗೆ ಅದು ಹೇಳುವುದೇನು?

ವಯಸ್ಸಾದವರನ್ನು ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಮೈಸೂರಿಗೆ ಕರೆದುಕೊಂಡು ಹೋಗಿ ಮೆದುಳಿನ ಎಂಆರ್‌ಐ ಮಾಡಿಸಿದವರಿಗೆ ಎರಡು ಸಾಲು ಚೆನ್ನಾಗಿ ಪರಿಚಯ ಇರುತ್ತದೆ. ರಿಪೋರ್ಟಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವ ಸಾಲುಗಳು ಅವು. ಒಂದು, ‘ಏಜ್ ರಿಲೇಟೆಡ್ ಸೆರೆಬ್ರಲ್ ಅಟ್ರೋಫಿ’, ಅಂದರೆ ವಯಸ್ಸಿನಿಂದ ಮೆದುಳು ಕುಗ್ಗುವುದು. ಇನ್ನೊಂದು, ‘ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’, ಅಂದರೆ ಸಣ್ಣ ರಕ್ತನಾಳಗಳು ಕೆಟ್ಟು, ರಕ್ತ ಸಾಲದೆ ನಿಧಾನವಾಗಿ ಆದ ಹಾನಿ. ಮೊದಲನೆಯದನ್ನು ಓದಿ ಮನೆಯವರು ಗಾಬರಿಯಾಗುತ್ತಾರೆ. ಅಜ್ಜನ ಮೆದುಳು ಕುಗ್ಗಿದೆಯಂತೆ ಎಂದು ಬೆಂಗಳೂರಿನಲ್ಲಿರುವ ಮಕ್ಕಳಿಗೆ ಫೋನ್ ಹೋಗುತ್ತದೆ. ಎರಡನೆಯದನ್ನು ಓದಿ, ವಯಸ್ಸಾದ ಮೇಲೆ ಇದ್ದದ್ದೇ ಬಿಡಿ ಎಂದು ಮಡಚಿ ಇಡುತ್ತಾರೆ.

ಆಗಬೇಕಾದದ್ದು ಹೆಚ್ಚುಕಡಿಮೆ ಇದರ ಉಲ್ಟಾ.

ಎಂಆರ್‌ಐ ಮೂಲಕ ಮೆದುಳನ್ನು ನೋಡುವ ವಿದ್ಯೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ತುಂಬಾ ಮುಂದೆ ಹೋಗಿದೆ. ಅದರಿಂದ ತಿಳಿದ ಸಂಗತಿಗಳಲ್ಲಿ ನಮ್ಮಂಥ ಜಿಲ್ಲೆಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಒಂದು. ವಯಸ್ಸಿನಿಂದ ಆಗುವ ಕುಗ್ಗುವಿಕೆಯ ವಿಷಯದಲ್ಲಿ ನಾವು ಮಾಡಬಹುದಾದದ್ದು ಕಡಿಮೆ. ಸಣ್ಣ ರಕ್ತನಾಳಗಳ ಹಾನಿಯ ವಿಷಯದಲ್ಲಿ ಮಾಡಬಹುದಾದದ್ದು ಬಹಳ. ಅದಕ್ಕೆ ಬೇಕಾದ ಉಪಕರಣ ಬಿಪಿ ನೋಡುವ ಮೆಷಿನ್. ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ.

ಮೊದಲು ಎಂಆರ್‌ಐ ಕೆಲಸ ಮಾಡುವ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಮೈಯಲ್ಲಿ ನೀರು ತುಂಬಾ ಇದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಬಲವಾದ ಅಯಸ್ಕಾಂತದೊಳಗೆ ಮಲಗಿದಾಗ ಈ ಹೈಡ್ರೋಜನ್ ಕಣಗಳಲ್ಲಿ ಒಂದು ಸಣ್ಣ ಪಾಲು ಅಯಸ್ಕಾಂತದ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ರೇಡಿಯೋ ತರಂಗ ಬಿಟ್ಟರೆ ಕದಲುತ್ತದೆ. ತರಂಗ ನಿಲ್ಲಿಸಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಬರುವಾಗ ಹೊರಡುವ ಸಿಗ್ನಲ್ಲನ್ನು ಹಿಡಿದು ಕಂಪ್ಯೂಟರ್ ಚಿತ್ರ ಮಾಡುತ್ತದೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳಲ್ಲಿರುವ ವಿಕಿರಣ ಇದರಲ್ಲಿಲ್ಲ. ಈ ವಿಧಾನಕ್ಕೆ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಅಥವಾ 3 ಟೆಸ್ಲಾ ಶಕ್ತಿಯ ಅಯಸ್ಕಾಂತ. ಫ್ರಾನ್ಸಿನ ಸಾಕ್ಲೆಯಲ್ಲಿ 11.7 ಟೆಸ್ಲಾ ಯಂತ್ರವಿದೆ. ಅದರಲ್ಲಿ ತೆಗೆದ ಮನುಷ್ಯರ ಮೆದುಳಿನ ಮೊದಲ ಚಿತ್ರಗಳು 2024ರಲ್ಲಿ ಹೊರಬಂದವು. ಆದರೆ ‘ಎಷ್ಟು ಟೆಸ್ಲಾ’ ಎಂದು ಕೇಳುವುದಕ್ಕಿಂತ ‘ಯಾವ ಬಗೆಯ ಚಿತ್ರ’ ಎಂದು ಕೇಳುವುದು ಮುಖ್ಯ. ಅದೇ ಯಂತ್ರದಲ್ಲಿ ಸೆಟ್ಟಿಂಗ್ ಬದಲಿಸಿದರೆ ಬೇರೆ ಬೇರೆ ಸಂಗತಿ ಕಾಣುತ್ತದೆ. ಫ್ಲೇರ್ ಎಂಬ ಚಿತ್ರದಲ್ಲಿ ಮೆದುಳಿನ ಸುತ್ತಲಿನ ದ್ರವ ಕಪ್ಪಾಗಿ, ಹಾನಿಯಾದ ಜಾಗ ಬಿಳಿಯಾಗಿ ಎದ್ದು ಕಾಣುತ್ತದೆ. ಡಿಫ್ಯೂಷನ್ ಚಿತ್ರ ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಎಸ್‌ಡಬ್ಲ್ಯುಐ ಎಂಬುದು ರಕ್ತದಲ್ಲಿರುವ ಕಬ್ಬಿಣವನ್ನು ಹಿಡಿಯುತ್ತದೆ. ಹಾಗಾಗಿ ಯಾವಾಗಲೋ ಆದ ಸಾಸಿವೆಗಿಂತ ಸಣ್ಣ ರಕ್ತಸ್ರಾವ ಕೂಡ ಅದರಲ್ಲಿ ಕಪ್ಪು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ.

ಈಗ ಮೊದಲನೆಯ ಸಾಲಿಗೆ ಬರೋಣ. ಮೆದುಳು ಕುಗ್ಗುವುದು ಎಂದರೇನು?

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ, ಹುಟ್ಟುವ ಮೊದಲಿಂದ ನೂರು ವರ್ಷದವರೆಗೆ ಮೆದುಳಿನ ಅಳತೆ ಬದಲಾಗುವ ರೀತಿಯನ್ನು ನಕ್ಷೆ ಮಾಡಿದ್ದರು. ಮೆದುಳಿನ ಹೊರಪದರದ ಬೂದು ಭಾಗ ಸುಮಾರು ಆರನೇ ವಯಸ್ಸಿಗೇ ತನ್ನ ಗರಿಷ್ಠ ಗಾತ್ರ ಮುಟ್ಟುತ್ತದೆ. ನರತಂತುಗಳಿರುವ ಬಿಳಿ ಭಾಗ ಸುಮಾರು 29ನೇ ವಯಸ್ಸಿನವರೆಗೆ ಬೆಳೆಯುತ್ತದೆ. ಅಲ್ಲಿಂದ ಮುಂದೆ ಎರಡೂ ನಿಧಾನವಾಗಿ ಇಳಿಯುತ್ತವೆ. ಅಂದರೆ ಎಪ್ಪತ್ತೆಂಟು ವಯಸ್ಸಿನ ಅಜ್ಜಿಯ ಸ್ಕ್ಯಾನಿನಲ್ಲಿ ಮೆದುಳು ಸ್ವಲ್ಪ ಕುಗ್ಗಿ, ತಲೆಬುರುಡೆಯ ಒಳಗೆ ಒಂದಿಷ್ಟು ಜಾಗ ಖಾಲಿ ಕಂಡರೆ ಅದೊಂದರಿಂದಲೇ ಕಾಯಿಲೆ ಎನ್ನಲಾಗದು. ಅದೇ ಅಳತೆ ಐವತ್ತರ ವಯಸ್ಸಿನಲ್ಲಿ ಕಂಡರೆ ಮಾತು ಬೇರೆ.

ವೈದ್ಯರು ನೋಡುವುದು ಯಾವ ಜಾಗ ಕುಗ್ಗಿದೆ, ಎಷ್ಟು ಬೇಗ ಕುಗ್ಗುತ್ತಿದೆ ಎಂಬುದನ್ನು. ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕಿವಿಯ ನೇರಕ್ಕೆ ಒಳಗಡೆ, ಎರಡೂ ಬದಿಯಲ್ಲಿದೆ. ಹಲವು ಅಧ್ಯಯನಗಳ ಲೆಕ್ಕ ಒಟ್ಟುಗೂಡಿಸಿದಾಗ ಆರೋಗ್ಯವಂತ ವೃದ್ಧರಲ್ಲಿ ಇದು ವರ್ಷಕ್ಕೆ ಸರಾಸರಿ ಶೇ 1.4ರಷ್ಟು ಕುಗ್ಗುತ್ತದೆ ಎಂದು ಕಂಡುಬಂತು. ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಇರುವವರಲ್ಲಿ ಶೇ 4.7ರಷ್ಟು. ವ್ಯತ್ಯಾಸ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಒಂದೇ ಒಂದು ಸ್ಕ್ಯಾನ್ ನೋಡಿ ವೇಗ ಹೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೆ ಎರಡು ಬೇಕು, ನಡುವೆ ಕಾಲ ಹೋಗಿರಬೇಕು. ಸ್ಕ್ಯಾನ್ ಸೆಂಟರಿನವರು ಕೊಡುವ ಸಿಡಿಯನ್ನು ಎಷ್ಟೋ ಮನೆಗಳಲ್ಲಿ ಬಿಸಾಡುತ್ತಾರೆ, ಫಿಲ್ಮ್ ಮಾತ್ರ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಸಿಡಿ ಇಟ್ಟುಕೊಳ್ಳಿ. ಅಳತೆ ತೆಗೆಯಲು ಬರುವುದು ಅದರಿಂದ.

ಮರೆವು ಇರುವ ಹಿರಿಯರಿಗೆ ಸ್ಕ್ಯಾನ್ ಮಾಡಿಸುವ ಮುಖ್ಯ ಕಾರಣ ಕುಗ್ಗುವಿಕೆ ಅಳೆಯುವುದೂ ಅಲ್ಲ. ವಾಸಿಯಾಗುವಂಥದ್ದು ಏನಾದರೂ ಒಳಗೆ ಅಡಗಿದೆಯೇ ಎಂದು ನೋಡುವುದು. ಗಡ್ಡೆ ಇರಬಹುದು. ತಲೆಬುರುಡೆಯ ಕೆಳಗೆ ರಕ್ತ ನಿಂತಿರಬಹುದು. ಮೆದುಳಿನ ಒಳಗಿನ ಕೋಣೆಗಳಲ್ಲಿ ನೀರು ಜಾಸ್ತಿಯಾಗಿರಬಹುದು. ಈ ಕೊನೆಯದರಲ್ಲಿ ನಡಿಗೆ ಎಳೆದಂತಾಗುತ್ತದೆ, ಮೂತ್ರ ತಡೆಯಲಾಗುವುದಿಲ್ಲ, ಮರೆವು ಬರುತ್ತದೆ. ಮೂರೂ ಒಟ್ಟಿಗೆ ಇದ್ದರೆ ನ್ಯೂರಾಲಜಿಸ್ಟ್ ಹತ್ತಿರ ಹೋಗಲೇಬೇಕು. ನೀರು ಇಳಿಸುವ ಆಪರೇಷನ್‌ನಿಂದ ಎಷ್ಟೋ ಜನರ ನಡಿಗೆ ಸುಧಾರಿಸುತ್ತದೆ.

ಇನ್ನು ಎರಡನೆಯ ಸಾಲು. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಮೆದುಳಿನ ಆಳದ ಬಿಳಿ ಭಾಗಕ್ಕೆ ರಕ್ತ ಕೊಡುವ ನಾಳಗಳು ಕೂದಲಿನಷ್ಟು ಸಣ್ಣ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಈ ನಾಳಗಳ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಶುಗರ್, ಬೀಡಿ ಸಿಗರೇಟು ಇದಕ್ಕೆ ಜೊತೆಯಾಗುತ್ತವೆ. ರಕ್ತ ಸಾಲದ ಕಡೆ ನರತಂತುಗಳ ಮೇಲಿನ ಕೊಬ್ಬಿನ ಹೊದಿಕೆ ಹಾಳಾಗುತ್ತದೆ. ಫ್ಲೇರ್ ಚಿತ್ರದಲ್ಲಿ ಅದೇ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆಗಳು ಬೆಳೆದು ಒಂದಕ್ಕೊಂದು ಸೇರಿದರೆ ತೇಪೆಗಳಾಗುತ್ತವೆ. 1987ರಿಂದ ವೈದ್ಯರು ಇದನ್ನು ಫಜೇಕಾಸ್ ಎಂಬ ಲೆಕ್ಕದಲ್ಲಿ 0ಯಿಂದ 3ರವರೆಗೆ ಅಂಕ ಕೊಟ್ಟು ಬರೆಯುತ್ತಾರೆ. ವಯಸ್ಸಾದವರಲ್ಲಿ 1 ಸಾಮಾನ್ಯ. 2 ಅಥವಾ 3 ಎಂದು ಬರೆದಿದ್ದರೆ ಸುಮ್ನೆ ಬಿಡುವಂಥದ್ದಲ್ಲ.

ಈ ಚುಕ್ಕೆಗಳಿಂದ ಆಗುವುದೇನು? ತಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಯೋಚನೆ ನಿಧಾನವಾಗುತ್ತದೆ. ಹೆಜ್ಜೆ ಸಣ್ಣದಾಗುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಮನಸ್ಸು ತಿರುಗಿಸುವುದು ಕಷ್ಟವಾಗುತ್ತದೆ. ಮುಂದೆ ಸ್ಟ್ರೋಕ್ ಆಗುವ, ನೆನಪು ಮತ್ತು ಯೋಚನೆಯ ಶಕ್ತಿ ಕುಂದುವ ಡಿಮೆನ್ಷಿಯಾ ಬರುವ ಅಪಾಯ ಏರುತ್ತದೆ. ಡಿಫ್ಯೂಷನ್ ವಿಧಾನದಿಂದ ಇನ್ನೂ ಒಂದು ಸಂಗತಿ ತಿಳಿಯಿತು. ಗದ್ದೆಯ ಕಾಲುವೆಯಲ್ಲಿ ನೀರು ಬದು ಹಿಡಿದು ಹರಿಯುವಂತೆ, ಆರೋಗ್ಯವಾದ ನರತಂತುಗಳ ಕಟ್ಟಿನಲ್ಲಿ ನೀರಿನ ಕಣಗಳು ತಂತುವಿನ ಉದ್ದಕ್ಕೇ ಹೆಚ್ಚು ಓಡಾಡುತ್ತವೆ. ತಂತು ಹಾಳಾದರೆ ಎಲ್ಲ ಕಡೆಗೂ ಹರಡುತ್ತವೆ. ಇದನ್ನು ಅಳೆದಾಗ, ಬಿಳಿ ಚುಕ್ಕೆಯ ಸುತ್ತಮುತ್ತ ಕಣ್ಣಿಗೆ ಸರಿಯಾಗೇ ಕಾಣುವ ಜಾಗದಲ್ಲೂ ಹಾನಿ ಶುರುವಾಗಿರುವುದು ಕಂಡುಬಂತು. ನಮಗೆ ಕಾಣುವ ಚುಕ್ಕೆಗಿಂತ ತೊಂದರೆಯ ಜಾಗ ದೊಡ್ಡದು.

ನಾಪೋಕ್ಲು ಕಡೆಯ ಒಂದು ತೋಟದ ಮನೆಯಲ್ಲಿ ಇಂಥದ್ದೇ ಒಂದು ಫಿಲ್ಮ್ ಹಿಡಿದು ಕಿಟಕಿಯ ಬೆಳಕಿಗೆ ನೋಡಿದ್ದು ನೆನಪಿದೆ. ಮನೆಯ ಹಿರಿಯರು ಸೇನೆಯಿಂದ ನಿವೃತ್ತರಾದವರು. ಈಗಲೂ ಬೆಳಿಗ್ಗೆ ಕಣದ ಸುತ್ತ ನಡೆಯುತ್ತಾರೆ, ಮೆಣಸು ಒಣಗಿತೇ ಎಂದು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. ರಿಪೋರ್ಟಿನಲ್ಲಿ ಫಜೇಕಾಸ್ 2 ಎಂದಿತ್ತು. ‘ಮಾವ ಸ್ವಲ್ಪ ಮರೆಯುತ್ತಾರೆ, ಆಳುಗಳ ಲೆಕ್ಕ ತಪ್ಪುತ್ತದೆ, ಅಷ್ಟೆ’ ಎಂದರು ಸೊಸೆ. ಬಿಪಿ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ‘ತೆಗೆದುಕೊಳ್ಳುತ್ತಿದ್ದೆ ಮಗಾ. ಮೂರ್ನಾಡಿನಲ್ಲಿ ನೋಡಿಸಿದಾಗ ನಾರ್ಮಲ್ ಬಂತು. ಮತ್ತೆ ಯಾಕೆ ಅಂತ ಬಿಟ್ಟೆ’ ಎಂದರು ಅವರು. ತಲೆನೋವಿಲ್ಲ, ತಲೆಸುತ್ತಿಲ್ಲ, ಗುಳಿಗೆ ಯಾಕೆ ಎಂಬುದು ಅವರ ಪ್ರಶ್ನೆ.

ನಾರ್ಮಲ್ ಬಂದದ್ದು ಗುಳಿಗೆಯಿಂದ. ಇಷ್ಟು ಸರಳ ಮಾತು ಹೇಳಲು ಯಾರೂ ಅವರಿಗೆ ಐದು ನಿಮಿಷ ಕೊಟ್ಟಿರಲಿಲ್ಲ. ಎಂಆರ್‌ಐಗೆ ಸಾವಿರಾರು ರೂಪಾಯಿ ಖರ್ಚಾಗಿತ್ತು, ಬಾಡಿಗೆ ಕಾರು ಬೇರೆ. ರಿಪೋರ್ಟಿನ ಆ ಸಾಲಿಗೂ ಬಿಟ್ಟುಹೋದ ಗುಳಿಗೆಗೂ ಇರುವ ಸಂಬಂಧವನ್ನು ಮಾತ್ರ ಯಾರೂ ಜೋಡಿಸಿರಲಿಲ್ಲ. ನನಗೆ ಎಲ್ಲಕ್ಕಿಂತ ನೋವಾಗುವುದು ಇದು.

ಸಂಬಂಧ ಇದೆ ಎನ್ನಲು ಒಳ್ಳೆಯ ಆಧಾರವಿದೆ. ಅಮೆರಿಕದಲ್ಲಿ ‘ಸ್ಪ್ರಿಂಟ್’ ಎಂಬ ಪ್ರಯೋಗ ನಡೆಯಿತು. ಬಿಪಿ ಜಾಸ್ತಿ ಇರುವ, ಶುಗರ್ ಇಲ್ಲದ, 50 ದಾಟಿದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಬಿಪಿ 140ಕ್ಕಿಂತ ಕೆಳಗೆ ಇರುವಂತೆ, ಇನ್ನೊಂದಕ್ಕೆ 120ಕ್ಕಿಂತ ಕೆಳಗೆ ಇರುವಂತೆ ಔಷಧಿ ಕೊಟ್ಟರು. ಅವರಲ್ಲಿ 449 ಜನರಿಗೆ ಸುಮಾರು ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಎಂಆರ್‌ಐ ಆಯಿತು. 2019ರಲ್ಲಿ ಫಲಿತಾಂಶ ಬಂತು. 140ರ ಗುಂಪಿನಲ್ಲಿ ಬಿಳಿ ತೇಪೆಗಳು 1.45 ಘನ ಸೆಂಟಿಮೀಟರ್ ಬೆಳೆದಿದ್ದವು. 120ರ ಗುಂಪಿನಲ್ಲಿ 0.92. ಇದೇ ಪ್ರಯೋಗದ ದೊಡ್ಡ ಗುಂಪಿನಲ್ಲಿ, ಡಿಮೆನ್ಷಿಯಾಕ್ಕೆ ಮೊದಲು ಬರುವ ಸೌಮ್ಯ ಮರೆವಿನ ಅಪಾಯವೂ ಶೇ 19ರಷ್ಟು ಕಡಿಮೆಯಾಗಿತ್ತು.

ಪೂರ್ತಿ ಮಾತು ಹೇಳಬೇಕೆಂದರೆ, ಅದೇ ಪ್ರಯೋಗದಲ್ಲಿ ಬಿಪಿ ಹೆಚ್ಚು ಇಳಿಸಿದ ಗುಂಪಿನ ಮೆದುಳಿನ ಒಟ್ಟು ಗಾತ್ರ ಸ್ವಲ್ಪ ಹೆಚ್ಚೇ ಕುಗ್ಗಿತ್ತು. ಒಂದು ಕಡೆ 30.6 ಘನ ಸೆಂಟಿಮೀಟರ್, ಇನ್ನೊಂದು ಕಡೆ 26.9. ಡಿಮೆನ್ಷಿಯಾ ಕಡಿಮೆಯಾಯಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸವೂ ಸಿಗಲಿಲ್ಲ. ಹಾಗಾಗಿ ಎಂಬತ್ತು ದಾಟಿದ, ಎದ್ದರೆ ಕಣ್ಣು ಕತ್ತಲಿಡುವ ಹಿರಿಯರ ಬಿಪಿಯನ್ನು 120ಕ್ಕೇ ತರಬೇಕೆಂದು ಹಟ ಹಿಡಿಯಬಾರದು. ಬಿದ್ದು ತಲೆಗೆ ಪೆಟ್ಟಾದರೆ ಇನ್ನೂ ಕಷ್ಟ. ಎಷ್ಟಕ್ಕೆ ಇಳಿಸಬೇಕೆಂದು ವೈದ್ಯರು ಆಯಾ ಮನುಷ್ಯನನ್ನು ನೋಡಿ ತೀರ್ಮಾನಿಸುತ್ತಾರೆ. ಗುಳಿಗೆಯನ್ನು ನಾವಾಗಿ ಬಿಡಬಾರದು, ಅಷ್ಟು ಸ್ಪಷ್ಟ.

ಕೊಡಗಿನಲ್ಲಿ ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಮದುವೆ, ಹಬ್ಬ, ಸಾವು, ನೆಂಟರ ಊಟ, ಎಲ್ಲದರಲ್ಲೂ ಮದ್ಯ ನಮ್ಮಲ್ಲಿ ಮರ್ಯಾದೆಯ ಭಾಗ. ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಆದರೆ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆಯ 36,678 ಜನರ ಎಂಆರ್‌ಐಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಂದೆರಡು ಅಳತೆ ಕುಡಿಯುವವರಲ್ಲೂ ಮೆದುಳಿನ ಗಾತ್ರ ಕಡಿಮೆ ಇರುವುದು ಕಂಡಿತು. ಕುಡಿತ ಏರಿದಷ್ಟೂ ವ್ಯತ್ಯಾಸ ಏರಿತು. ಕುಡಿತವೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಹಾಗಿದ್ದರೂ ಬಿಪಿ ಗುಳಿಗೆ ತೆಗೆದುಕೊಳ್ಳುವವರು ಸಂಜೆಯ ಅಳತೆಯನ್ನು ತಗ್ಗಿಸಲು ಅದು ಸಾಕಷ್ಟು ಕಾರಣ ಎಂದು ನನ್ನ ಅಭಿಪ್ರಾಯ.

ತಲೆಗೆ ಬೀಳುವ ಪೆಟ್ಟಿನ ವಿಷಯಕ್ಕೆ ಬಂದರೆ ಕೊಡಗಿಗೆ ತನ್ನದೇ ಪಟ್ಟಿ ಇದೆ. ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕಿ ಹತ್ತಿದವರು ಜಾರುತ್ತಾರೆ. ತೋಟದ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ಕೊಂಬೆ ತಲೆ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ತಿರುವಿನ ರಸ್ತೆಯಲ್ಲಿ ಬೈಕ್ ಜಾರುತ್ತದೆ, ಹಿಂದೆ ಕೂತವರಿಗೆ ಹೆಲ್ಮೆಟ್ ಇರುವುದಿಲ್ಲ. ಆನೆ ಅಟ್ಟಿಸಿಕೊಂಡು ಬಂದಾಗ ಓಡಿ ಬೀಳುವವರಿದ್ದಾರೆ. ಇನ್ನು ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳ ತಂಡಗಳಿದ್ದವು. ಶಾಲೆ ಮಕ್ಕಳಿಂದ ಅಜ್ಜಂದಿರವರೆಗೆ ಒಂದೇ ತಂಡದಲ್ಲಿ ಆಡುತ್ತಾರೆ.

ತಲೆಗೆ ಪೆಟ್ಟು ಬಿದ್ದ ದಿನ ಬೇಕಾದ್ದು ಸಿಟಿ ಸ್ಕ್ಯಾನ್. ರಕ್ತಸ್ರಾವ, ಬುರುಡೆಯ ಬಿರುಕು ಅದರಲ್ಲಿ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಒಂದು ಕೈ ಕಾಲು ಸೋತರೆ, ಎಬ್ಬಿಸಿದರೂ ನಿದ್ದೆಯ ಮಂಪರು ಬಿಡದಿದ್ದರೆ ತಡ ಮಾಡುವಂತಿಲ್ಲ. ಎಂಆರ್‌ಐ ಬೇಕೆಂದು ಅಲ್ಲಿ ಹೊತ್ತು ಕಳೆಯಬಾರದು.

ಎಂಆರ್‌ಐ ಉಪಯೋಗಕ್ಕೆ ಬರುವುದು ಆಮೇಲೆ. ಸಿಟಿ ನಾರ್ಮಲ್ ಬಂತು, ಮನೆಗೆ ಕಳಿಸಿದರು. ಆದರೂ ತಿಂಗಳಾದ ಮೇಲೂ ತಲೆನೋವು ಹೋಗಿಲ್ಲ, ಬೆಳಕು ನೋಡಲಾಗುತ್ತಿಲ್ಲ, ಸಿಟ್ಟು ಬರುತ್ತದೆ, ಲೆಕ್ಕ ತಲೆಗೆ ಹತ್ತುತ್ತಿಲ್ಲ. ಸುತ್ತಲಿನವರು ಇವನು ಕೆಲಸಕ್ಕೆ ಬರದಿರಲು ನೆಪ ಹೇಳುತ್ತಾನೆ ಎನ್ನುತ್ತಾರೆ. ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನದ ತಂಡ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೌಮ್ಯ ಪೆಟ್ಟಾಗಿ ಸಿಟಿ ನಾರ್ಮಲ್ ಬಂದವರಲ್ಲಿ ಶೇ 27ರಷ್ಟು ಜನರ ಎಂಆರ್‌ಐಯಲ್ಲಿ ಏನಾದರೂ ಹಾನಿ ಕಂಡಿತ್ತು. ತಲೆ ಗಕ್ಕನೆ ತಿರುಗಿದಾಗ ಮೆದುಳಿನೊಳಗಿನ ಉದ್ದ ತಂತುಗಳು ಎಳೆಯಲ್ಪಟ್ಟು ಹರಿಯುತ್ತವೆ. ಅವುಗಳ ಜೊತೆ ಇರುವ ಸಣ್ಣ ರಕ್ತನಾಳ ಒಡೆದರೆ ಎಸ್‌ಡಬ್ಲ್ಯುಐ ಚಿತ್ರದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಇಂಥ ಚಿತ್ರ ಒಬ್ಬ ಕಾರ್ಮಿಕನಿಗೆ ದೊಡ್ಡ ಆಸರೆ. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅದು ತೋರಿಸಿಕೊಡುತ್ತದೆ.

ಆದರೆ ಚಿತ್ರ ನಾರ್ಮಲ್ ಬಂದರೆ ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ತಂತುಗಳ ದಿಕ್ಕು ಅಳೆಯುವ ಡಿಟಿಐ ಎಂಬ ವಿಧಾನ 1994ರಿಂದ ಇದೆ. ಪೆಟ್ಟಾದ ನೂರು ಜನರನ್ನೂ ಆಗದ ನೂರು ಜನರನ್ನೂ ಹೋಲಿಸಿದರೆ ಅದು ಸರಾಸರಿ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಒಬ್ಬನೇ ಮನುಷ್ಯನನ್ನು ಮಲಗಿಸಿ ಇವನ ತಂತು ಈ ಪೆಟ್ಟಿನಿಂದಲೇ ಹಾಳಾಯಿತು ಎನ್ನಲು ಅದಕ್ಕೆ ಇನ್ನೂ ಆಗುವುದಿಲ್ಲ. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುತ್ತದೆ, ಮನುಷ್ಯರಿಂದ ಮನುಷ್ಯರಿಗೂ ಬದಲಾಗುತ್ತದೆ. ಹಾಗಾಗಿ ಮೈದಾನದಲ್ಲಿ ತಲೆಗೆ ಪೆಟ್ಟು ತಿಂದ ಹುಡುಗನ ವಿಷಯದಲ್ಲಿ ಸ್ಕ್ಯಾನಿಗೆ ಕಾಯುವ ಪ್ರಶ್ನೆಯೇ ಇಲ್ಲ. ತಲೆ ತಿರುಗಿದರೆ, ಸ್ಕೋರ್ ನೆನಪಿಲ್ಲ ಎಂದರೆ, ಅವನನ್ನು ಆ ದಿನ ಮತ್ತೆ ಆಡಿಸಬಾರದು. ಅದು ಫೈನಲ್ ಆಗಿರಲಿ, ಕುಟುಂಬದ ಹೆಸರು ಎಷ್ಟೇ ದೊಡ್ಡದಿರಲಿ.

ಪೆಟ್ಟು ಮತ್ತು ವಯಸ್ಸು ಒಟ್ಟಿಗೆ ಸೇರುವ ಒಂದು ಸಂದರ್ಭ ನಮ್ಮಲ್ಲಿ ಆಗಾಗ ಆಗುತ್ತದೆ, ಗೊತ್ತಾಗದೆ ಹೋಗುತ್ತದೆ. ಜುಲೈ ತಿಂಗಳ ಮಳೆ. ಅಂಗಳದಲ್ಲಿ ಪಾಚಿ. ಅಜ್ಜಿ ಬಚ್ಚಲಿಗೆ ಹೋಗುವಾಗ ಜಾರಿ ಗೋಡೆಗೆ ತಲೆ ತಾಗಿತು. ಗಾಯವಿಲ್ಲ, ಒಂದಿಷ್ಟು ಎಣ್ಣೆ ಹಚ್ಚಿದರು, ಮರೆತರು. ವಯಸ್ಸಿನಿಂದ ಮೆದುಳು ಕುಗ್ಗಿರುವುದರಿಂದ ಬುರುಡೆಗೂ ಮೆದುಳಿಗೂ ನಡುವಿನ ಸಣ್ಣ ರಕ್ತನಾಳಗಳು ಮೊದಲೇ ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ಹರಿದು ರಕ್ತ ನಿಧಾನವಾಗಿ ಸೇರುತ್ತದೆ. ಮೂರು ನಾಲ್ಕು ವಾರ ಕಳೆದ ಮೇಲೆ ಅಜ್ಜಿ ಗೊಂದಲದಲ್ಲಿ ಮಾತಾಡಲು ಶುರು ಮಾಡುತ್ತಾರೆ. ಕಾಲು ಎಳೆಯುತ್ತಾರೆ, ಹಗಲೆಲ್ಲ ಮಲಗುತ್ತಾರೆ. ವಯಸ್ಸಾಯಿತು, ಅರಳುಮರಳು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಅದು ಸಬ್‌ಡ್ಯೂರಲ್ ರಕ್ತಸ್ರಾವ. ಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ಹೊರತೆಗೆದರೆ ಬಹುಪಾಲು ಜನ ಮೊದಲಿನಂತಾಗುತ್ತಾರೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಒಂದೆರಡು ತಿಂಗಳ ಕೆಳಗೆ ಬಿದ್ದಿದ್ದರೇ ಎಂದು ಯೋಚಿಸಿ ವೈದ್ಯರಿಗೆ ಹೇಳುವುದು ಮನೆಯವರ ಕೆಲಸ. ಕಂಡುಹಿಡಿಯಲು ಸಿಟಿ ಸಾಕು.

ಸ್ಟ್ರೋಕಿನ ಬಗ್ಗೆ ಎರಡು ಮಾತು. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಊದಿಕೊಂಡು ನೀರಿನ ಓಡಾಟ ಕುಂಠಿತವಾಗುತ್ತದೆ. ಡಿಫ್ಯೂಷನ್ ಚಿತ್ರ ಅದನ್ನು ತಕ್ಷಣ ಹಿಡಿಯುತ್ತದೆ. ಆ ಹೊತ್ತಿಗೆ ಸಿಟಿ ಏನೂ ಆಗಿಲ್ಲವೆಂಬಂತೆ ಕಾಣಬಹುದು. ಬೆಳಿಗ್ಗೆ ಏಳುವಾಗಲೇ ಬಾಯಿ ಸೊಟ್ಟಗಾಗಿದ್ದವರಿಗೆ ಯಾವಾಗ ಶುರುವಾಯಿತೆಂದು ಗೊತ್ತಿರುವುದಿಲ್ಲ. ಡಿಫ್ಯೂಷನ್‌ನಲ್ಲಿ ಹಾನಿ ಕಂಡು ಫ್ಲೇರ್‌ನಲ್ಲಿ ಇನ್ನೂ ಕಾಣದಿದ್ದರೆ ಹೆಚ್ಚು ಹೊತ್ತಾಗಿಲ್ಲ ಎಂದರ್ಥ. ಅಂಥವರಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಪ್ರಯೋಜನವಿದೆ ಎಂದು ಯುರೋಪಿನ ‘ವೇಕ್-ಅಪ್’ ಪ್ರಯೋಗ 2018ರಲ್ಲಿ ತೋರಿಸಿತು. ಆದರೆ ಶುರುವಾದ ಹೊತ್ತು ಗೊತ್ತಿದ್ದರೆ ನಾಲ್ಕೂವರೆ ಗಂಟೆಯೊಳಗೆ ಔಷಧಿ ಕೊಡಲು ಸಿಟಿಯೇ ಸಾಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜಿಲ್ಲೆಯೊಳಗೆ ರೈಲಿಲ್ಲ. ಭಾಗಮಂಡಲದ ಆಚೆಯ ಮನೆಯಿಂದ ಹೊರಟರೆ ಮಡಿಕೇರಿಗೆ ಬರುವುದರೊಳಗೇ ಹೊತ್ತು ಕರಗಿರುತ್ತದೆ. ಮೈಸೂರಿಗೇ ಹೋಗಿ ಎಂಆರ್‌ಐ ಮಾಡಿಸೋಣ ಎಂದು ಹತ್ತಿರದ ಸಿಟಿ ಸ್ಕ್ಯಾನ್ ದಾಟಿ ಹೋಗುವುದು ಅಪಾಯ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮೂಲ ಪ್ರಶ್ನೆ ಉಳಿಯುತ್ತದೆ. ನಮ್ಮ ಹಿರಿಯರ ಮೆದುಳನ್ನು ಯಾರ ಮೆದುಳಿನ ಜೊತೆ ಹೋಲಿಸಿ ‘ವಯಸ್ಸಿಗೆ ತಕ್ಕಂತಿದೆ’ ಎನ್ನುತ್ತಿದ್ದೇವೆ?

ಮೇಲೆ ಹೇಳಿದ ದೊಡ್ಡ ನಕ್ಷೆಯಲ್ಲಿ ಬಹುಪಾಲು ಸ್ಕ್ಯಾನ್‌ಗಳು ಯುರೋಪ್ ಮತ್ತು ಉತ್ತರ ಅಮೆರಿಕದವು. ಹೈದರಾಬಾದಿನ ಐಐಐಟಿ ಸಂಶೋಧಕರು 2019ರಲ್ಲಿ 100 ಜನರ ಸ್ಕ್ಯಾನ್ ಬಳಸಿ ಭಾರತೀಯ ಮೆದುಳಿನ ನಕ್ಷೆ ಮಾಡಿದರು. ಜಗತ್ತಿನೆಲ್ಲೆಡೆ ಬಳಸುವ ಮಾದರಿಗಿಂತ ನಮ್ಮವರ ಮೆದುಳು ಸರಾಸರಿ ಉದ್ದ, ಅಗಲ, ಎತ್ತರದಲ್ಲಿ ಸ್ವಲ್ಪ ಚಿಕ್ಕದಿತ್ತು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬೇರೆಯವರ ಅಳತೆಗೆ ಹೋಲಿಸಿ ‘ಕುಗ್ಗಿದೆ’ ಎಂದು ಬರೆದರೆ ತಪ್ಪಾಗುತ್ತದೆ. ಆ 100 ಜನರೂ ಇಪ್ಪತ್ತರ ಹರೆಯದವರು. ನಮಗೆ ಬೇಕಿರುವುದು ಎಪ್ಪತ್ತರವರ ಲೆಕ್ಕ.

ಆ ಕೆಲಸ ಕರ್ನಾಟಕದಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿದೆ. ಪಾಶ್ಚಾತ್ಯರ ಲೆಕ್ಕವನ್ನೇ ನಂಬಿ ಕೂರದೆ ನಮ್ಮ ಹಳ್ಳಿಯವರ ಮೆದುಳನ್ನು ನಾವೇ ನೋಡಬೇಕು ಎಂಬುದು ದೊಡ್ಡ ಯೋಚನೆ. ನನ್ನ ಆಸೆ ಏನೆಂದರೆ, ಮುಂದೆ ಇಂಥ ಕೆಲಸಕ್ಕೆ ಕೊಡಗಿನವರೂ ಸೇರಬೇಕು. ಬಯಲು ಸೀಮೆಯ ರೈತನಿಗಿಂತ ತೋಟದ ಕಾರ್ಮಿಕರಿರುವ ನಮ್ಮ ಲೈನ್ ಮನೆಯ ಎರವ ಬುಡಕಟ್ಟಿನ ಹಿರಿಯರ ಊಟ, ದುಡಿಮೆ, ಕುಡಿತ, ಪೆಟ್ಟುಗಳು ಬೇರೆ. ತೋಟದ ಮಾಲೀಕರದ್ದು ಮತ್ತೊಂದು ಬಗೆ.

ಅಲ್ಲಿಯವರೆಗೆ, ದೊಡ್ಡ ಊರುಗಳ ಹೆಲ್ತ್ ಪ್ಯಾಕೇಜುಗಳಲ್ಲಿ ‘ನಿಮ್ಮ ಮೆದುಳಿನ ವಯಸ್ಸು ಇಷ್ಟು’ ಎಂದು ಕಂಪ್ಯೂಟರ್ ಕೊಡುವ ಅಂಕಿಯನ್ನು ನಂಬಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸಂಶೋಧನೆಯಲ್ಲಿ ಅದಕ್ಕೆ ಬೆಲೆ ಇದೆ. ಒಬ್ಬರಿಗೆ ಹೇಳುವಾಗ ಹಲವು ವರ್ಷಗಳ ಹೆಚ್ಚುಕಡಿಮೆ ಇರುತ್ತದೆ. ಯಾವ ತೊಂದರೆಯೂ ಇಲ್ಲದವರು ಸುಮ್ನೆ ಮೆದುಳಿನ ಸ್ಕ್ಯಾನ್ ಮಾಡಿಸುವುದರಿಂದ ಚಿಂತೆಯೇ ಜಾಸ್ತಿ.

ಸ್ಕ್ಯಾನಿಗೆ ಹೋಗುವ ಕೊಡಗಿನವರು ಒಂದು ವಿಷಯ ಮರೆಯಬಾರದು. ನಮ್ಮಲ್ಲಿ ನಿವೃತ್ತ ಸೈನಿಕರು ತುಂಬಾ ಜನ. ಕೋವಿ ಇರುವ ಮನೆಗಳೂ ತುಂಬಾ. ಮೈಯಲ್ಲಿ ಹಳೆಯ ಗುಂಡಿನ ಚೂರು, ಚರೆ ಉಳಿದಿರುವವರಿದ್ದಾರೆ. ಅದು ಕಬ್ಬಿಣದ್ದಾಗಿದ್ದರೆ ಅಯಸ್ಕಾಂತ ಅದನ್ನು ಎಳೆಯುತ್ತದೆ. ಕಣ್ಣಿನ ಹತ್ತಿರ ಇದ್ದರೆ ದೃಷ್ಟಿಗೇ ಅಪಾಯ. ಎಷ್ಟು ಹಳೆಯದಾದರೂ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದರೂ ಹೇಳಿ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಸಂಬಂಧಿಕ ಪ್ರಾಣ ಕಳೆದುಕೊಂಡ. ಆ ಅಯಸ್ಕಾಂತ ಸ್ಕ್ಯಾನ್ ನಡೆಯದಿರುವಾಗಲೂ ಆನ್ ಇರುತ್ತದೆ.

ಜಿಲ್ಲೆಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅಯಸ್ಕಾಂತದಿಂದ ಶುರುವಾಗುವುದಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಕೊಡಗು ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ ಅದರ ರಾಯಭಾರಿಯಾದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಸ್ಟ್ರೋಕ್, ಫಿಟ್ಸ್, ತಲೆನೋವು, ಮರೆವು ಗುರುತಿಸಲು ತರಬೇತಿ ಕೊಡುವುದು ಅದರ ತಿರುಳು. ಬೇಕಿರುವುದು ಈ ದಾರಿ. ಲೈನ್ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೆಲಸ ಮಾಡುವ ಬಿಪಿ ಮೆಷಿನ್ ಇರಬೇಕು, ಗುಳಿಗೆ ಖಾಲಿಯಾಗಬಾರದು. 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಮಡಿಕೇರಿಯಲ್ಲಿದೆ. ಅಲ್ಲಿ ರಾತ್ರಿ ಎರಡು ಗಂಟೆಗೂ ಸಿಟಿ ಓದಿ ಹೇಳುವವರು ಸಿಗಬೇಕು, ಹೆಪ್ಪು ಕರಗಿಸುವ ಔಷಧಿ ಕೊಡುವವರು ಇರಬೇಕು.

ಆಮೇಲೆ ಎಂಆರ್‌ಐ ಖಂಡಿತ ಬೇಕು, ಮುಂದೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಆಲ್ಝೈಮರ್ಸ್‌ಗೆ ಬಂದಿರುವ ಲೆಕನೆಮ್ಯಾಬ್‌ನಂಥ ಹೊಸ ಔಷಧಿಗಳು ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುತ್ತವೆ. ಜೊತೆಗೆ ಕೆಲವರ ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ತರುತ್ತವೆ. ಅದನ್ನು ಹಿಡಿಯಲು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಎಂಆರ್‌ಐ ಆಗಲೇಬೇಕು. ಪ್ರತಿ ಸಲ ಕಾರು ಮಾಡಿಕೊಂಡು ಮೈಸೂರಿಗೆ ಹೋಗಿಬರಬೇಕಾದವರಿಗೆ ಆ ಔಷಧಿ ಕೈಗೆಟುಕುವುದಿಲ್ಲ, ಎಷ್ಟೇ ಅಗ್ಗವಾದರೂ. 0.064 ಟೆಸ್ಲಾದ, ಚಕ್ರದ ಮೇಲೆ ತಳ್ಳಿಕೊಂಡು ಹೋಗುವ, ಸಾಮಾನ್ಯ ಪ್ಲಗ್ಗಿಗೆ ಹಾಕುವ ಎಂಆರ್‌ಐ ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ಅದರ ಚಿತ್ರ ಮಂದ. ಸಣ್ಣ ಕಪ್ಪು ಚುಕ್ಕೆಗಳು ಅದರಲ್ಲಿ ಕಾಣುವುದು ಕಷ್ಟ. ದೊಡ್ಡ ರಕ್ತಸ್ರಾವ, ದೊಡ್ಡ ಸ್ಟ್ರೋಕ್, ನೀರು ತುಂಬಿದ ಕೋಣೆಗಳು ಕಾಣುತ್ತವೆ. ಗುಡ್ಡದ ಜಿಲ್ಲೆಯ ಆಸ್ಪತ್ರೆಯಲ್ಲಿ ಇಂಥದ್ದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಲು ಮಡಿಕೇರಿಗಿಂತ ಸೂಕ್ತ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಮುಚ್ಚಿದಾಗ ಮಂಗಳೂರಿನ ದಾರಿ ನಮಗೆ ಇರುವುದೇ ಇಲ್ಲ.